ಗೋಡೆಯ ತೇವ ಯಾರ ಹೊಣೆ?

ಮಳೆಗಾಲ ಬಂತೆಂದರೆ ನಮ್ಮ ಊರುಗಳ ಬಾಡಿಗೆ ಮನೆಗಳಲ್ಲಿ ಒಂದು ವ್ಯಾಜ್ಯ ತಪ್ಪದೆ ತಲೆಯೆತ್ತುತ್ತದೆ. ಗೋಡೆ ಹಸಿಯಾಗುತ್ತದೆ, ಸುಣ್ಣ ಉದುರುತ್ತದೆ, ಪುಸ್ತಕದ ಕಪಾಟಿನ ಹಿಂದೆ ಕಪ್ಪನೆಯ ಬೂಷ್ಟು ಹಬ್ಬುತ್ತದೆ. 'ನೀವು ಕಿಟಕಿ ತೆರೆಯುವುದೇ ಇಲ್ಲ' ಎನ್ನುತ್ತಾರೆ ಮನೆಯೊಡೆಯರು. 'ನಿಮ್ಮ ತಾರಸಿ ಸೋರುತ್ತದೆ' ಎನ್ನುತ್ತಾರೆ ಬಾಡಿಗೆದಾರರು. ಮನೆ ಬಿಡುವ ದಿನ, ಮುಂಗಡ ಹಣದ ಲೆಕ್ಕದಲ್ಲಿ ಈ ಮಾತು ಮನಸ್ತಾಪವಾಗಿ ಕೊನೆಗಾಣುತ್ತದೆ. ವರ್ಗಾವಣೆಗಳ ದೆಸೆಯಿಂದ ಹಲವು ಊರುಗಳಲ್ಲಿ ಬಾಡಿಗೆಗಿದ್ದ ನಾನು ಈ ಎರಡು ಮಾತುಗಳನ್ನೂ ಬಹಳ ಸಲ ಕೇಳಿದ್ದೇನೆ. ಎರಡೂ ನಿಜವಿರಬಹುದು. ಆದುದರಿಂದ ಹೊಣೆ ಯಾರದೆಂದು ಕೇಳುವ ಮುನ್ನ ನೀರು ಬಂದ ದಾರಿ ಯಾವುದೆಂದು ಕೇಳಬೇಕು.

ಆ ದಾರಿಗಳು ಮುಖ್ಯವಾಗಿ ನಾಲ್ಕು. ತಾರಸಿಯ ಬಿರುಕಿನಿಂದಲೋ ಹೊರಗೋಡೆಯ ಒಡೆದ ಗಾರೆಯಿಂದಲೋ ಇಳಿಯುವ ಮಳೆನೀರು ಮೊದಲನೆಯದು. ಮಳೆಯೊಡನೆ ಹೆಚ್ಚಿ ಬಿಸಿಲಿಗೆ ತಗ್ಗುತ್ತದೆ. ಗೋಡೆಯೊಳಗಿನ ಕೊಳಾಯಿ ಒಸರುವುದು ಎರಡನೆಯದು. ಅದಕ್ಕೆ ಋತುವಿನ ಹಂಗಿಲ್ಲ. ತಳಪಾಯದಿಂದ ಮೇಲೇರುವ ನೆಲದ ತೇವ ಮೂರನೆಯದು. ಗೋಡೆಯ ಬುಡದಲ್ಲಿ, ಬಹುವೇಳೆ ಬಿಳಿಯ ಉಪ್ಪಿನ ಪುಡಿಯೊಡನೆ ಕಾಣಿಸಿಕೊಳ್ಳುತ್ತದೆ. ನಾಲ್ಕನೆಯದು ಮನೆಯೊಳಗಿನ ಆವಿ. ಅಡುಗೆ, ಸ್ನಾನ, ಒಳಗೆ ಒಣಹಾಕಿದ ಬಟ್ಟೆ ಇವುಗಳ ಆವಿ ಹೊರಹೋಗದೆ ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟುತ್ತದೆ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆಯೂ ಇವೆ. ಒಂದೆರಡು ದಿನ ತೇವ ಆರದಿದ್ದರೆ ಸಾಕು, ಬೆಳೆಯತೊಡಗುತ್ತವೆ. ಉಬ್ಬಸದವರಿಗೆ ಅದು ಬರಿಯ ಕಲೆಯಲ್ಲ, ಉಸಿರಿಗೇ ತೊಡಕು. ಹಸಿಗೋಡೆಗೆ ಬಣ್ಣ ಬಳಿದರೆ ಬೂಷ್ಟು ಕೆಲಕಾಲ ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ.

ಮೊದಲ ಮೂರು ಕಟ್ಟಡದ ದೋಷಗಳು. ಅವು ಮನೆಯೊಡೆಯರ ಹೊಣೆಯೆಂಬುದು ನ್ಯಾಯದ ಮಾತು. ಕಾನೂನಿನ ಮಾತು ಇಷ್ಟು ಸರಳವಲ್ಲ. 1999ರ ಕರ್ನಾಟಕ ಬಾಡಿಗೆ ಕಾಯಿದೆ ನಿಗದಿತ ಮಿತಿಯೊಳಗಿನ ಅಲ್ಪ ಬಾಡಿಗೆಯ ಮನೆಗಳಿಗಷ್ಟೇ ಅನ್ವಯಿಸುತ್ತದೆ. ಉಳಿದವುಗಳಿಗೆ ಮುಖ್ಯ ಆಧಾರ, 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಪ್ರಕರಣ. ತನಗೆ ತಿಳಿದಿದ್ದು, ಬರುವವರ ಕಣ್ಣಿಗೆ ಬೀಳದಂಥ ದೊಡ್ಡ ದೋಷವನ್ನು ಒಡೆಯ ಮೊದಲೇ ಹೇಳಬೇಕು. ಸಹಜ ಸವೆತವನ್ನು ಬಿಟ್ಟು, ಬಾಡಿಗೆದಾರ ಮನೆಯನ್ನು ಕೊಟ್ಟ ಸ್ಥಿತಿಯಲ್ಲೇ ಒಪ್ಪಿಸಬೇಕು. ತಿಳಿಸಿದ ಮೇಲೂ ಒಡೆಯ ಯುಕ್ತ ಕಾಲದೊಳಗೆ ದುರಸ್ತಿ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಈ ಕೊನೆಯ ಹಕ್ಕು ಒಡೆಯ ಮಾಡಿಕೊಡಲೇಬೇಕಾದ ದುರಸ್ತಿಗಳಿಗೆ ಮಾತ್ರ. ಅವು ಯಾವುವೆಂದು ಆ ಪ್ರಕರಣ ಪಟ್ಟಿಮಾಡುವುದಿಲ್ಲ. ಕರಾರು ಪತ್ರವೇ ಹೇಳಬೇಕು.

ಕನ್ನಡ ಪಾಠ ಹೇಳಿ ಬಾಳಿದ ನನಗೆ ತೊಡಕಿನ ಮೂಲ ಇಲ್ಲಿಯೇ ಕಾಣುತ್ತದೆ. ನಮ್ಮ ಎಷ್ಟೋ ಕರಾರುಗಳಲ್ಲಿ 'ದುರಸ್ತಿ' ಎಂಬ ಪದವೇ ಇರುವುದಿಲ್ಲ. ಇದ್ದರೂ ಅರ್ಥ ಬಿಡಿಸಿರುವುದಿಲ್ಲ. ಕೇಂದ್ರ ಸಚಿವ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ, ರಾಜ್ಯಗಳು ಅಂಗೀಕರಿಸಿದರಷ್ಟೇ ಜಾರಿಗೆ ಬರುವಂಥದು. ಆದರೂ ಅದರ ಹಂಚಿಕೆ ನಮಗೆ ಮೇಲ್ಪಂಕ್ತಿಯಾದೀತು: ಕಟ್ಟಡದ ದುರಸ್ತಿ ಮತ್ತು ಕೊಳಾಯಿಗಳ ಬದಲಾವಣೆ ಒಡೆಯರದು, ನಲ್ಲಿಯ ವಾಷರು, ಚರಂಡಿಯ ಶುಚಿ ಬಾಡಿಗೆದಾರರದು. ಇದನ್ನು ಕರಾರಿನಲ್ಲಿ ಸ್ಪಷ್ಟವಾಗಿ ಬರೆಯಿಸಿ. ಮನೆ ಹೊಕ್ಕ ದಿನವೇ ಇಬ್ಬರೂ ಕೂಡಿ ಗೋಡೆ, ತಾರಸಿಗಳನ್ನು ನೋಡಿ ಛಾಯಾಚಿತ್ರ ತೆಗೆದಿಡಿ. ತೇವ ಕಂಡ ಕೂಡಲೆ ದಿನಾಂಕ ಹಾಕಿ ಕಾಗದ ಬರೆಯಿರಿ. ಬಾಯಿಮಾತಿನ ದೂರಿಗೆ ಮರುವರ್ಷ ಸಾಕ್ಷಿ ಸಿಗುವುದಿಲ್ಲ.