ಒಂದಕ್ಷರ ಬದಲಾದರೆ ಔಷಧಿ ಹಿಡಿಯದು

ಹೊನ್ನಾಳಿ, ಚನ್ನಗಿರಿ ಕಡೆ ಭತ್ತ ಬೆಳೆಯುವ ಮನೆಯವರಿಗೆ ಬೆಂಕಿರೋಗ ಗೊತ್ತೇ ಇದೆ. ಅದು ಶಿಲೀಂಧ್ರದಿಂದ ಬರುವ ರೋಗ. ಒಂದೇ ಔಷಧಿ ಹೊಡೆಯುತ್ತಿದ್ದರೆ ರೋಗ ಅದಕ್ಕೆ ‘ಒಗ್ಗಿಹೋಗುತ್ತದೆ’ ಎನ್ನುತ್ತಾರೆ. ಆದರೆ ಶಿಲೀಂಧ್ರವೇನೂ ಔಷಧಿ ಕುಡಿದು ರೂಢಿ ಮಾಡಿಕೊಳ್ಳುವುದಿಲ್ಲ.

ಅಜಾಕ್ಸಿಸ್ಟ್ರೋಬಿನ್ ಎಂಬ ಔಷಧಿ ಶಿಲೀಂಧ್ರದ ಮೈಟೊಕಾಂಡ್ರಿಯದಲ್ಲಿರುವ ಸೈಟೋಕ್ರೋಮ್-ಬಿ ಪ್ರೋಟೀನಿಗೆ ಅಂಟಿಕೊಂಡು ಅದರ ಉಸಿರಾಟ ನಿಲ್ಲಿಸುತ್ತದೆ. ಈ ಪ್ರೋಟೀನಿನ 143ನೇ ಸ್ಥಾನದಲ್ಲಿ ಗ್ಲೈಸೀನ್ ಇರುತ್ತದೆ. ಡಿಎನ್‌ಎಯ ಒಂದಕ್ಷರ ತಪ್ಪಿ ಜಿಜಿಟಿ ಹೋಗಿ ಜಿಸಿಟಿ ಆದರೆ ಅಲ್ಲಿ ಅಲನೀನ್ ಬಂದು ಕೂರುತ್ತದೆ. ಔಷಧಿ ಸರಿಯಾಗಿ ಅಂಟುವುದಿಲ್ಲ. ಸಿಕಲ್ ಸೆಲ್ ಅನೀಮಿಯ ಪಾಠದಲ್ಲಿ 6ನೇ ಸ್ಥಾನದ ಗ್ಲುಟಾಮಿಕ್ ಆಮ್ಲ ವ್ಯಾಲೀನ್ ಆಗುವುದನ್ನು ಓದುತ್ತೇವಲ್ಲ, ಇದೂ ಅಂಥದ್ದೇ.

ಕೋಟ್ಯಂತರ ಬೀಜಕಗಳಲ್ಲಿ ಇಂಥ ಒಂದೆರಡು ಸಿಂಪಡಣೆಗೆ ಮೊದಲೇ ಇರಬಹುದು. ಔಷಧಿ ಉಳಿದವನ್ನೆಲ್ಲ ಕೊಂದು, ಇಡೀ ಗದ್ದೆಯನ್ನು ಇವುಗಳಿಗೆ ಬಿಟ್ಟುಕೊಡುತ್ತದೆ. ಜಪಾನಿನ ಭತ್ತದ ಗದ್ದೆಗಳಲ್ಲಿ ಹೀಗೆ ಆಗಿದೆ. ಆಮೇಲೆ ಪ್ರಮಾಣ ಹೆಚ್ಚಿಸಿದರೆ ಹೆಚ್ಚುವುದು ಖರ್ಚು.

ಚನ್ನಗಿರಿಯ ಅಡಿಕೆ ತೋಟಗಳಿಗೆ ಬೇಕಾದ ಬೋರ್ಡೋ ದ್ರಾವಣದ ಕಥೆ ಬೇರೆ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅದನ್ನು ಕೊಳೆರೋಗಕ್ಕೆ ಬಳಕೆಗೆ ತಂದು ನೂರು ವರ್ಷ ದಾಟಿದೆ. ಇಂದಿಗೂ ಅದನ್ನೇ ಹೊಡೆಯುತ್ತಾರೆ. (ಕೊಳೆರೋಗ ತರುವುದು ನಿಜವಾದ ಶಿಲೀಂಧ್ರವಲ್ಲ, ಅದನ್ನು ಹೋಲುವ ಜೀವಿ. ತತ್ವ ಮಾತ್ರ ಒಂದೇ.) ಮೈಲುತುತ್ತದ ತಾಮ್ರ ಹಲವು ಕಿಣ್ವಗಳನ್ನು ಒಟ್ಟಿಗೇ ಕೆಡಿಸುವುದರಿಂದ ಒಂದಕ್ಷರ ಬದಲಾಯಿಸಿ ತಪ್ಪಿಸಿಕೊಳ್ಳುವುದು ಸುಲಭವಲ್ಲ.

ಅದಕ್ಕೇ ಭತ್ತಕ್ಕೆ ಪ್ರತಿ ಸಲ ಬೇರೆ ರೀತಿ ಕೆಲಸ ಮಾಡುವ ಔಷಧಿ ಹೊಡೆಯಬೇಕು. ಬ್ರಾಂಡ್ ಬದಲಾದರೆ ಸಾಲದು, ಡಬ್ಬಿಯ ಮೇಲಿನ ಸಣ್ಣಕ್ಷರ ಓದಬೇಕು. ಅಜಾಕ್ಸಿಸ್ಟ್ರೋಬಿನ್ ಬಿಟ್ಟು ಟ್ರೈಫ್ಲಾಕ್ಸಿಸ್ಟ್ರೋಬಿನ್ ತಂದರೆ ಬದಲಾಯಿಸಿದಂತಲ್ಲ. ಎರಡೂ ಅಂಟುವುದು ಅದೇ ಜಾಗಕ್ಕೆ.