ಗರ್ಭಕೋಶ ಜಾರಿದರೆ ಮುಚ್ಚಿಡಬೇಡಿ

ಸಹೋದರಿಯರೇ, ಕೆಳಗೆ ಏನೋ ಜಾರಿ ಬಂದಂತೆ ಅನಿಸುತ್ತದೆಯೇ? ಕೆಮ್ಮಿದಾಗ, ರುಕೂಗೆ ಬಾಗಿದಾಗ ಮೂತ್ರ ಸೋರಿ ವುಝೂ ಕೆಡುತ್ತಿದೆಯೇ? ಗರ್ಭಕೋಶ ಜಾರಿರಬಹುದು. ನಾಚಿಕೆಯಿಂದ ವರ್ಷಗಟ್ಟಲೆ ಸಹಿಸಬೇಡಿ, ಇದಕ್ಕೆ ಚಿಕಿತ್ಸೆಯಿದೆ.

ಗರ್ಭಕೋಶಕ್ಕೆ ಆಧಾರವಾದ ಸ್ನಾಯುಗಳು ಹಲವು ಹೆರಿಗೆಗಳಿಂದ, ಹಳೆಯ ಕೆಮ್ಮು, ಮಲಬದ್ಧತೆಯಿಂದ, ಮುಟ್ಟು ನಿಂತ ಮೇಲೆ ಸಡಿಲವಾಗುತ್ತವೆ. ಬಾಣಂತನ ಮುಗಿಯುವ ಮೊದಲೇ ನೀರಿನ ಕೊಡ, ತೆಂಗಿನಕಾಯಿ ಮೂಟೆ ಹೊತ್ತರೂ ಅಪಾಯ ಹೆಚ್ಚು.

ಆರಂಭದಲ್ಲಿ ವ್ಯಾಯಾಮ ಸಾಕಾಗಬಹುದು. ಮೂತ್ರ ತಡೆಯುವಂತೆ ಸ್ನಾಯು ಬಿಗಿಹಿಡಿದು, 5ರಿಂದ 10 ಎಣಿಸಿ ಸಡಿಲಬಿಡಿ. ಹೀಗೆ 10 ಬಾರಿ, ದಿನಕ್ಕೆ 3 ಸಲ, ಕೆಲವು ತಿಂಗಳು ಮಾಡಿ. ಹೆಚ್ಚು ಜಾರಿದ್ದರೆ ವೈದ್ಯರು ಒಳಗೆ ಪೆಸರಿ ಎಂಬ ಬಳೆ ಇಡುತ್ತಾರೆ, ಇಲ್ಲವೇ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಎಲ್ಲರಿಗೂ ಗರ್ಭಕೋಶ ತೆಗೆಯಲೇಬೇಕೆಂದಿಲ್ಲ. ಉಳಿಸಬಹುದೇ ಎಂದು ಕೇಳಿ.

ಇಬ್ನ್ ಸೀನಾ ‘ಅಲ್-ಕಾನೂನ್’ನಲ್ಲಿಯೇ ಈ ತೊಂದರೆಯನ್ನು ವಿವರಿಸಿದ್ದಾರೆ. ಆದರೂ ಯುನಾನಿ ವೈದ್ಯೆಯಾಗಿ ಹೇಳುತ್ತೇನೆ: ಮಾಚಿಕಾಯಿ ಕಷಾಯದಲ್ಲಿ ಕುಳಿತರೆ ಪೂರ್ತಿ ಜಾರಿದ ಗರ್ಭಕೋಶ ಮೇಲೇರದು. ಬಟ್ಟೆ, ಪುಡಿ ಒಳಗಿಟ್ಟರೆ ಹುಣ್ಣು, ಸೋಂಕು ಆದೀತು.

ಗುಬ್ಬಿ, ಕುಣಿಗಲ್ ತಾಲ್ಲೂಕು ಆಸ್ಪತ್ರೆಯಲ್ಲೋ ತುಮಕೂರು ಜಿಲ್ಲಾಸ್ಪತ್ರೆಯಲ್ಲೋ ತೋರಿಸಿ, ಮಹಿಳಾ ವೈದ್ಯರನ್ನು ಕೇಳಿ. ಮೂತ್ರ ಕಟ್ಟಿದರೆ, ರಕ್ತ ಹೋದರೆ ಅಂದೇ ಹೊರಡಿ. ಗಂಡಂದಿರೇ, ಜೊತೆಗೆ ಹೋಗಿ. ಭಾರದ ಕೆಲಸ ನೀವು ವಹಿಸಿಕೊಳ್ಳಿ. ಬಾಗಲಾಗದ ರೋಗಿಗೆ ಕುಳಿತು ನಮಾಝ್ ಮಾಡಲು ದೀನ್ ಅನುಮತಿಸಿದೆ. ನೋವನ್ನು ಬಚ್ಚಿಡುವುದು ಹಯಾ ಅಲ್ಲ.