ಆಫೀಸ್ ಡೈರೆಕ್ಟರಿಯಲ್ಲಿ ನೀವು ಹುಡುಕಿದರೆ ಸಿಗ್ತೀರಾ?

ಔಟ್‌ಲುಕ್‌ನಲ್ಲಿ ಹೆಸರು ಟೈಪ್ ಮಾಡಿದ ತಕ್ಷಣ ಇಮೇಲ್, ಫೋನು, ಮ್ಯಾನೇಜರ್ ಹೆಸರು ಬರುತ್ತಲ್ಲ, ಅದೆಲ್ಲ ಬರೋದು ಕಂಪನಿಯ ಡೈರೆಕ್ಟರಿಯಿಂದ. ರಾತ್ರಿ 2 ಗಂಟೆಗೆ ಸರ್ವರ್ ಬಿದ್ದರೆ ನಿಮ್ಮನ್ನ ಹುಡುಕೋದೂ ಅಲ್ಲೇ.

ನಮ್ಮವರಿಗೆ ಮೊದಲ ತೊಡಕು ಹೆಸರಿನದ್ದು. ಎಲ್‌ಡ್ಯಾಪ್ ನಿಯಮದಲ್ಲಿ ವ್ಯಕ್ತಿಯ ಎಂಟ್ರಿಗೆ ಎರಡು ಫೀಲ್ಡ್ ಕಡ್ಡಾಯ: ‘ಸಿಎನ್’ ಅಂದ್ರೆ ಹೆಸರು, ‘ಎಸ್‌ಎನ್’ ಅಂದ್ರೆ ಸರ್‌ನೇಮ್. ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮೇ ಇಲ್ಲ. ಊರಿನದೋ ಅಪ್ಪನದೋ ಇನಿಷಿಯಲ್ ಇರುತ್ತೆ. ಓಪನ್‌ಎಲ್‌ಡ್ಯಾಪ್‌ನಲ್ಲಿ ‘ಎಸ್‌ಎನ್’ ಬಿಟ್ಟರೆ ಎಂಟ್ರಿ ಸೇವ್ ಆಗಲ್ಲ. ಅದಕ್ಕೇ ಒಬ್ಬರು ಚುಕ್ಕೆ ಹಾಕ್ತಾರೆ, ಇನ್ನೊಬ್ಬರು ಹೆಸರನ್ನೇ ಎರಡು ಸಲ ಬರೀತಾರೆ, ಮತ್ತೊಬ್ಬರು ಬರೀ ‘ಕೆ’ ಅಂತಾರೆ. ಆಮೇಲೆ ಹುಡುಕೋರಿಗೆ ಯಾವ ಮಂಜುನಾಥ ಅಂತ ಗೊತ್ತಾಗಲ್ಲ. ನಾನು ಹೇಳೋದಿಷ್ಟು: ಪಾಸ್‌ಪೋರ್ಟಿನ ಹಾಗೆ ಇನಿಷಿಯಲ್ ಬಿಡಿಸಿ ಸರ್‌ನೇಮ್ ಜಾಗದಲ್ಲಿ ಹಾಕಿ, ಜನ ಕರೆಯೋ ಹೆಸರು ‘ಡಿಸ್‌ಪ್ಲೇ ನೇಮ್’ನಲ್ಲಿರಲಿ.

ಎರಡನೇದು ಫೋನ್ ನಂಬರ್. ಇ.164 ಅನ್ನೋ ಅಂತರರಾಷ್ಟ್ರೀಯ ಪದ್ಧತಿ ಪ್ರಕಾರ ದೇಶದ ಕೋಡ್ ಸೇರಿ ಗರಿಷ್ಠ 15 ಅಂಕಿ. ನಮ್ಮ ಮೊಬೈಲಿಗೆ +91, ಆಮೇಲೆ 10 ಅಂಕಿ. ಮುಂದೆ ಸೊನ್ನೆ ಹಾಕಿದ ನಂಬರಿಗೆ ಪುಣೆಯಿಂದ ಕರೆ ಹೋದೀತು, ಲಂಡನ್ನಿಂದ ಹೋಗಲ್ಲ. ಪಟ್ಟಿಯನ್ನ ಎಕ್ಸೆಲ್‌ನಲ್ಲಿ ಮಾಡೋದಾದ್ರೆ ಕಾಲಂ ‘ಟೆಕ್ಸ್ಟ್’ ಮಾಡಿಕೊಳ್ಳಿ, ಇಲ್ಲಾಂದ್ರೆ ಅದು ಪ್ಲಸ್ ಗುರುತನ್ನ ನುಂಗುತ್ತೆ.

ಮೂರನೇದು ಮ್ಯಾನೇಜರ್ ಫೀಲ್ಡ್. ಕೆಲಸ ಬಿಟ್ಟು ಹೋದವರ ಹೆಸರು ಅಲ್ಲಿದ್ರೆ ನಿಮ್ಮ ಆಕ್ಸೆಸ್ ರಿಕ್ವೆಸ್ಟ್ ಅವರ ಬಾಗಿಲಲ್ಲೇ ಕೊಳೀತಾ ಇರುತ್ತೆ.

ತಿದ್ದಿಸೋದು ಎಲ್ಲಿ? ಬಹಳಷ್ಟು ಕಂಪನಿಗಳಲ್ಲಿ ಡೈರೆಕ್ಟರಿಗೆ ಮಾಹಿತಿ ಬರೋದು ಎಚ್‌ಆರ್ ಸಿಸ್ಟಮ್‌ನಿಂದ. ಡೈರೆಕ್ಟರಿಯಲ್ಲಿ ಮಾತ್ರ ಸರಿಮಾಡಿದ್ರೆ ಮುಂದಿನ ಸಿಂಕ್‌ನಲ್ಲಿ ಹಳೇದೇ ವಾಪಸ್. ಬೇರಿಗೆ ನೀರು ಹಾಕಿ, ಎಲೆಗಲ್ಲ. ಇವತ್ತೇ ಒಮ್ಮೆ ನಿಮ್ಮ ಎಂಟ್ರಿ ತೆಗೆದು ನೋಡಿ.